ಹುಟ್ಟಿದ ದಿನದ ಮುಂದೆ ಒಂದು ಗೆರೆ

ಫೆಬ್ರವರಿ ೪

ಮಗಳೇ,

ಅದೇ ಹೇಳುತ್ತಿದ್ದೆನಲ್ಲ, ಲೇಯಾ ಬೇಡ. ನಿನ್ನೆ ಫೋನಿನಲ್ಲಿ ಅರ್ಧಕ್ಕೆ ನಿಂತ ಮಾತು ಅದು. ನಲವತ್ತು ವರ್ಷ ಸಮಾಧಿ ಕಲ್ಲುಗಳ ಮೇಲೆ ಸುತ್ತಿಗೆ ಬಡಿದ ಕಿವಿ ನನ್ನದು. ಫೋನಿನ ಮಾತು ಗೋಡೆಯಾಚೆ ಯಾರೋ ಪಾತ್ರೆ ತೊಳೆಯುವ ಹಾಗೆ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ಎರಡು ಸಲ ಓದಬಹುದು. ಫೋನಿನಲ್ಲಿ ಎರಡನೇ ಸಲ ‘ಆಂ?’ ಅಂದರೆ ನೀನು ಸಿಡುಕುತ್ತೀಯ.

ಹುಟ್ಟಲಿರುವ ಮಗುವಿಗೆ ಸತ್ಯವೇದದ ಹೆಸರೊಂದನ್ನು ಅರ್ಥ ನೋಡಿ ಆರಿಸಿಕೊಡು ಎಂದು ಕೇಳಿದ್ದೀಯ. ರಟ್ಟು ಕಿತ್ತುಹೋದ ಆ ಹಳೆಯ ಇಂಗ್ಲಿಷ್ ಹೆಸರುಗಳ ನಿಘಂಟನ್ನು ಕೆಳಗಿಳಿಸಿ ಧೂಳು ಕೊಡವಿದ್ದೇನೆ. ಲೇಯಾ ಎಂಬುದರ ಎದುರಿಗೆ ‘ವಿಯರಿ’ ಎಂದಿದೆ. ಎರಡು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಲಿತವನು ನಾನು. ‘ವಿಯರ್’ ಅಂದರೆ ಉಡುವುದು, ಹಾಗಾದರೆ ಚೆನ್ನಾಗಿ ಉಡುವವಳು ಎಂದು ಖುಷಿಪಟ್ಟೆ. ಎದುರುಮನೆಯ ಮೇಷ್ಟ್ರನ್ನು ಕೇಳಿದರೆ, “ಸುಸ್ತಾದವಳು ಅಂತ ಕಣಯ್ಯ” ಅಂದರು. ಅದರ ಕೆಳಗೇ ‘ಆರ್ ವೈಲ್ಡ್ ಕೌ’ ಎಂದಿತ್ತು. ಅದಕ್ಕೆ ಮೇಷ್ಟ್ರು ಬೇಕಾಗಲಿಲ್ಲ. ಸುಸ್ತಾದವಳು, ಇಲ್ಲವೇ ಕಾಡುಹಸು. ನೀನೇ ಹೇಳು.

ನೋಡುತ್ತ ಹೋದರೆ ಆ ಹೀಬ್ರೂ ಜನ ಹೆಣ್ಣುಮಕ್ಕಳಿಗೆ ಹೆಸರಿಟ್ಟ ರೀತಿ ದನದ ಕೊಟ್ಟಿಗೆಯಲ್ಲಿ ನಿಂತು ಹಾಜರಿ ಕೂಗಿದ ಹಾಗಿದೆ. ರಾಹೇಲ ಎಂದರೆ ಹೆಣ್ಣುಕುರಿ. ಯಾಯೇಲ ಬೆಟ್ಟದ ಮೇಕೆ. ಚಿಪ್ಪೋರ ಹಕ್ಕಿ. ತಾಮಾರ ಒಬ್ಬಳೇ ಖರ್ಜೂರದ ಮರ, ಪ್ರಾಯಶಃ ಮಿಕ್ಕವರನ್ನೆಲ್ಲ ಕಟ್ಟಿಹಾಕುವುದಕ್ಕೆ. ಇನ್ನೊಬ್ಬಳು ಪ್ರವಾದಿನಿ ಇದ್ದಾಳೆ, ರಾಜರು ಅವಳ ಮನೆ ಬಾಗಿಲಿಗೆ ಆಳು ಕಳಿಸಿ ಬುದ್ಧಿ ಕೇಳುತ್ತಿದ್ದರು. ಅವಳ ಹೆಸರಿಗೆ ಮುಂಗುಸಿಯಂಥದೊಂದು ಪ್ರಾಣಿ ಎಂದು ಅರ್ಥ. ಅದು ನಿನ್ನ ಅತ್ತೆಯವರ ಹೆಸರೇ. ದಯವಿಟ್ಟು ಹೇಳಬೇಡ.

ಗಂಡಸರದೂ ಅಷ್ಟೇ. ಹುಟ್ಟಿದ ತಕ್ಷಣ ಕಣ್ಣಿಗೆ ಬಿದ್ದದ್ದನ್ನು ಬಾಯಿಬಿಟ್ಟು ಹೇಳಿದರೆ ಹೆಸರಾಯಿತು. ಮೈತುಂಬ ಕೂದಲಿತ್ತು, ಏಸಾವ. ಅಣ್ಣನ ಹಿಮ್ಮಡಿ ಹಿಡಿದುಕೊಂಡು ಬಂದ, ಯಾಕೋಬ. ನಾಬಾಲ ಎಂದರೆ ಮೂರ್ಖ. ಹೆತ್ತವರು ಆ ದಿನ ಯಾವ ಸಿಟ್ಟಿನಲ್ಲಿದ್ದರೋ.

ನಿಮ್ಮಮ್ಮನದು ದೆಬೋರ, ಜೇನ್ನೊಣ. ಮದುವೆಯಾದ ಎರಡನೇ ವಾರ ಈ ಪುಸ್ತಕದಲ್ಲಿ ಹುಡುಕಿ ಹೇಳಿದೆ. ಮೆಣಸಿನಕಾಯಿ ಕತ್ತರಿಸುತ್ತಿದ್ದವಳು ತಲೆ ಎತ್ತದೆ, “ಹಾಗಾದ್ರೆ ಸ್ವಲ್ಪ ದೂರ ಕೂತ್ಕೊಳ್ಳಿ” ಅಂದಳು. ಅಂದಿನಿಂದ ನಾನು ಅವಳನ್ನು ಜೇನ್ನೊಣ ಎಂದೇ ಕರೆದೆ.

ನಿನಗೆ ನೆನಪಿದೆಯಲ್ಲ, ಹಿತ್ತಲ ಶೆಡ್ಡಿನಲ್ಲಿ ನಾವು ಮೂವರೂ ಕೆಲಸ ಮಾಡುತ್ತಿದ್ದದ್ದು. ನಾನು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು, ಅವಳು ಗಟ್ಟಿಯಾಗಿ ಓದುವುದು, ಓದಿ ಸರಿ ಅಂದ ಮೇಲೆ ನಾನು ಉಳಿ ಹಿಡಿಯುವುದು. ಹುಟ್ಟಿದ ತಾರೀಖಿಗೂ ಸತ್ತ ತಾರೀಖಿಗೂ ನಡುವಿನ ಗೆರೆ ಮಾತ್ರ ನಿನ್ನದು. ಕಲಿಯುವವರಿಗೆ ಮೊದಲು ಕೊಡುವುದೇ ಅಡ್ಡಗೆರೆ, ನಮ್ಮ ಉರುಟು ಅಕ್ಷರ ಕೈಗೆ ಬರುವುದಕ್ಕೆ ವರ್ಷಗಳು ಬೇಕು. ನಿನ್ನ ಹನ್ನೊಂದನೇ ವರ್ಷದಿಂದ ಹದಿನಾರರ ತನಕ ಈ ಊರಿನಲ್ಲಿ ಸತ್ತವರಿಗೆಲ್ಲ ಗೆರೆ ಹಾಕಿದವಳು ನೀನೇ.

ಕೊನೆಯಲ್ಲಿ ನೀನೇನೋ ಕೇಳಿದೆ, ಸರಿಯಾಗಿ ಕೇಳಿಸಲಿಲ್ಲ. ಲೈನು ಕರಕರ ಅನ್ನುತ್ತಿತ್ತು.

ಕಾಲು ಊದಿದ್ದರೆ ಮೇಲೆತ್ತಿಟ್ಟುಕೊಂಡು ಕೂರು.

ನಿನ್ನ
ಅಪ್ಪ


ಫೆಬ್ರವರಿ ೧೫

ಅಪ್ಪ,

ಲೈನು ಚೆನ್ನಾಗಿಯೇ ಇತ್ತು. ಕಿವಿಯ ನೆಪ ಹೇಳಲು ಆಗದ ಹಾಗೆ ಬರೆದು ಕೇಳುತ್ತಿದ್ದೇನೆ. ಅಮ್ಮನ ಕಲ್ಲಿನ ಮೇಲೆ ಹೆಸರು ಯಾವಾಗ ಕೆತ್ತುತ್ತೀಯ?

ಅಮ್ಮ ಹೋಗಿ ಮೇ ತಿಂಗಳಿಗೆ ಎರಡು ವರ್ಷ. ಹೋದ ಸಲ ಬಂದಾಗ ಅಲ್ಲಿ ನೆಟ್ಟಿದ್ದು ಸ್ಮಶಾನದ ಕಾವಲುಗಾರ ಹೊಡೆದ ಮರದ ಗೂಟ ಮಾತ್ರ. ಅದರ ಮೇಲೆ ಬಣ್ಣದಲ್ಲಿ ೨೧೭. ಊರಿನವರಿಗೆಲ್ಲ ಹೆಸರು ಕೆತ್ತಿದವನ ಹೆಂಡತಿ ೨೧೭. ನಾನು ಅಲ್ಲಿ ನಿಂತು ಅಳಬೇಕೋ ಬಸ್ಸು ಬಂತು ಎಂದು ಓಡಬೇಕೋ ತಿಳಿಯಲಿಲ್ಲ.

ಹೆಸರಿನ ವಿಷಯ. ಇವರು ಕಾಲೇಬ ಇರಲಿ ಅನ್ನುತ್ತಾರೆ, ಕರೆಯಲು ಸುಲಭವಂತೆ. ಬೇಕರಿಯ ಭಟ್ಟಿ ಹಚ್ಚಲು ಬೆಳಗಿನ ಜಾವ ಮೂರಕ್ಕೆ ಏಳುವ ಮನುಷ್ಯ, ಅವರಿಗೆ ಎಲ್ಲವೂ ಸುಲಭವಾಗಿರಬೇಕು. ಅತ್ತೆ ಮೆತೂಷೆಲಹ ಅನ್ನುತ್ತಿದ್ದಾರೆ. ಒಂಬೈನೂರ ಅರವತ್ತೊಂಬತ್ತು ವರ್ಷ ಬದುಕಿದವನು, ಅದಕ್ಕಿಂತ ಒಳ್ಳೆಯ ಹೆಸರು ಯಾವುದಿದೆ ಅನ್ನುವುದು ಅವರ ವಾದ. “ಹೆಣ್ಣಾದರೆ?” ಅಂದೆ. “ಆಗ ನೋಡೋಣ” ಅಂದರು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವರ ಜೊತೆ ವಾದ ಮಾಡಲು ನನಗೆ ಈಗ ಉಸಿರಿಲ್ಲ.

ಡಾಕ್ಟರು ಮಾರ್ಚ್ ಕೊನೆ ಅಂದಿದ್ದಾರೆ.

ಮೊದಲನೇ ಪ್ರಶ್ನೆಗೆ ಉತ್ತರ ಬರಲಿ.

ನಿನ್ನ ಮಗಳು


ಮಾರ್ಚ್ ೧

ಮಗಳೇ,

ಮೊದಲು ಕಾಲೇಬ. ಅಳಿಯಂದಿರಿಗೆ ನಿಧಾನವಾಗಿ ಹೇಳು, ಅದಕ್ಕೆ ನಾಯಿ ಎಂಬ ಅರ್ಥವೂ ಇದೆಯಂತೆ. ಪಕ್ಕದಲ್ಲಿ ‘ಪರ್ಹಾಪ್ಸ್’ ಎಂದಿದೆ. ಈ ಪರ್ಹಾಪ್ಸ್ ಪುಟಕ್ಕೆ ಹತ್ತು ಸಲ ಬರುತ್ತಾನೆ. ಹೀಬ್ರೂ ಭಾಷೆಯ ದೊಡ್ಡ ಪಂಡಿತ, ಎಲ್ಲದರಲ್ಲೂ ಅವನದೊಂದು ಅಭಿಪ್ರಾಯ ಎಂದುಕೊಂಡಿದ್ದೆ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಅದು ಬಹುಶಃ ಕಣಯ್ಯ” ಅಂದರು. ಬಹುಶಃ ಪಂಡಿತನೇ ಎಂದು ನಾನು. ಅವರು ಎದ್ದು ಒಳಗೆ ಹೋದರು.

ಮೆತೂಷೆಲಹನಿಗೆ ಎರಡು ಅರ್ಥ ಕೊಟ್ಟಿದ್ದಾರೆ. ಒಂದು, ಈಟಿಯವನು. ಇನ್ನೊಂದು, ಅವನು ಸತ್ತ ಮೇಲೆ ಕಳಿಸಲಾಗುವುದು. ಏನನ್ನು ಎಂದು ಬರೆದಿಲ್ಲ. ಸರ್ಕಾರಿ ಕಚೇರಿಯ ಉತ್ತರದ ಹಾಗಿದೆ. ಅತ್ತೆಯವರಿಗೆ ಈಟಿಯ ಅರ್ಥ ಮಾತ್ರ ಹೇಳು.

ಇನ್ನು ನಿಮ್ಮಮ್ಮನ ಕಲ್ಲು. ನೋಡು, ಮೊದಲು ತರಿಸಿದ ಕಲ್ಲಿನಲ್ಲಿ ಒಂದು ಬಿಳಿ ಎಳೆ ಇತ್ತು, ಅದು ಸರಿಯಾಗಿ ಹೆಸರಿನ ಮೇಲೇ ಹಾದುಹೋಗುತ್ತಿತ್ತು. ಆಮೇಲೆ ಉಳಿಗಳಿಗೆಲ್ಲ ಹದ ಹಾಕಿಸಬೇಕಾಯಿತು. ಆಮೇಲೆ ಚಳಿ, ಬೆರಳು ಮಡಚುತ್ತಿರಲಿಲ್ಲ. ಈಗ ಗಾಳಿ, ಸೀಮೆಸುಣ್ಣದಲ್ಲಿ ಬರೆದರೆ ಧೂಳು ಹಾರಿಹೋಗುತ್ತದೆ. ಇವೆಲ್ಲ ನೆಪ ಎಂದು ನೀನು ಅನ್ನುತ್ತೀಯ. ಅನ್ನು. ಕಲ್ಲಿನ ಕೆಲಸ ರೊಟ್ಟಿಯ ಹಿಟ್ಟಲ್ಲ, ಬೆಳಿಗ್ಗೆ ನಾದಿ ಮಧ್ಯಾಹ್ನ ತಿನ್ನುವುದಕ್ಕೆ.

ಹಾಗೆಂದು ನಾನು ಅಲ್ಲಿಗೆ ಹೋಗದೆ ಇರುವವನಲ್ಲ. ಪ್ರತಿ ಭಾನುವಾರ ನಿಘಂಟು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಅಕ್ಕಪಕ್ಕದ ಕಲ್ಲುಗಳೆಲ್ಲ ನನ್ನವೇ, ಒಂದೊಂದರ ಅರ್ಥ ತೆಗೆದು ಅವಳಿಗೆ ಓದಿ ಹೇಳುತ್ತೇನೆ. ಎರಡನೇ ಸಾಲಿನ ದರ್ಜಿಗೆ ‘ಬಲಗೈಯ ಮಗ’ ಎಂಬರ್ಥದ ಹೆಸರು, ಪಾಪ, ಜೀವನವಿಡೀ ಎಡಗೈಯಲ್ಲಿ ಕತ್ತರಿ ಹಿಡಿದವನು. ಮೂಲೆಯ ಬಸ್ ಕಂಡಕ್ಟರನದು ಆ ಮೈತುಂಬ ಕೂದಲಿನವನ ಹೆಸರು. ಅವನ ತಲೆ ನೀನೂ ನೋಡಿದ್ದೀಯ, ಮುಖ ನೋಡಿಕೊಳ್ಳಬಹುದಿತ್ತು. ಅವಳಿದ್ದಿದ್ದರೆ, “ಸತ್ತೋರನ್ನ ಆಡ್ಕೋಬೇಡಿ” ಎಂದು ಬೈದು ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಕಾವಲುಗಾರ ಹೋದ ವಾರವೂ ಕೇಳಿದ. “ಯಜಮಾನ್ರೇ, ಇನ್ನೂರ ಹದಿನೇಳು ಯಾವಾಗ ಮಾಡ್ತೀರಿ? ಗೂಟಕ್ಕೆ ಹುಳ ಹಿಡೀತಿದೆ.”

“ಗೂಟ ಬದಲಾಯಿಸಪ್ಪ” ಅಂದೆ.

ಅವನು ನನ್ನನ್ನೇ ನೋಡಿದ. ನಾನು ನಿಘಂಟು ನೋಡಿದೆ.

ಭಾರ ಎತ್ತಬೇಡ.

ಅಪ್ಪ


ಏಪ್ರಿಲ್ ೨

ಅಪ್ಪ,

ಹೆಣ್ಣು. ಮಾರ್ಚ್ ೨೯, ಬೆಳಿಗ್ಗೆ ಹತ್ತೂವರೆ. ಎರಡು ಕಿಲೋ ಒಂಬೈನೂರು. ಕೂದಲು ಇದೆ, ಆದರೆ ಏಸಾವನಷ್ಟು ಇಲ್ಲ. ಮೂಗು ಅಮ್ಮನದು. ಇದನ್ನು ನಾನು ಯಾರಿಗೂ ಹೇಳಿಲ್ಲ, ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಇವರು ಮಗುವನ್ನು ಹಿಡಿದುಕೊಂಡಿರುವುದು ಬಿಸಿ ತಟ್ಟೆ ಹಿಡಿದ ಹಾಗೆ. ಅತ್ತೆ ಮೆತೂಷೆಲಹನನ್ನು ಬಿಟ್ಟುಕೊಟ್ಟಿದ್ದಾರೆ. ಈಗ ಅವರ ಪಟ್ಟಿಯಲ್ಲಿ ರಾಣಿಯರೇ ಇದ್ದಾರೆ, ಅದರಲ್ಲಿ ಇಬ್ಬರು ಕೊಲೆ ಮಾಡಿಸಿದವರು.

ಆಸ್ಪತ್ರೆಯ ಕಾಗದದಲ್ಲಿ ಸದ್ಯಕ್ಕೆ ‘ಹೆಣ್ಣು ಮಗು’ ಎಂದಷ್ಟೇ ಇದೆ. ಹೆಸರು ಆರಿಸುವ ಹಕ್ಕು ನಿನ್ನದೇ ಎಂದು ನಾನು ಮಾತು ಕೊಟ್ಟಿದ್ದೇನೆ, ಅದನ್ನು ತಪ್ಪುವುದಿಲ್ಲ. ಆದರೆ ಒಂದು ಷರತ್ತು. ಮೊದಲು ಅಮ್ಮನ ಹೆಸರು, ಆಮೇಲೆ ಇವಳದು. ತನ್ನ ಹೆಂಡತಿಯನ್ನು ನಂಬರಿನಲ್ಲಿ ಮಲಗಿಸಿದವನಿಂದ ನನ್ನ ಮಗಳಿಗೆ ಹೆಸರು ತೆಗೆದುಕೊಳ್ಳಲಾರೆ. ಅಮ್ಮನ ಕಲ್ಲು ಆಗುವ ತನಕ ನಾನು ಮಗುವನ್ನು ಕರೆದುಕೊಂಡು ಅಲ್ಲಿಗೆ ಬರುವುದೂ ಇಲ್ಲ. ಹೊಲಿಗೆ ಇನ್ನೂ ನೋಯುತ್ತಿದೆ, ಅದಕ್ಕೆ ಹೀಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನೋವು ಹೋದ ಮೇಲೂ ಇದನ್ನೇ ಬರೆಯುತ್ತೇನೆ.

ಮಗಳು


ಏಪ್ರಿಲ್ ೧೪

ಮಗಳೇ, ಮೊಮ್ಮಗಳ ತಾಯೇ,

ಹೆಸರು ಸಿಕ್ಕಿತು. ಷರತ್ತಿನ ಮಾತು ಆಮೇಲೆ ಆಡೋಣ, ಮೊದಲು ಇದನ್ನು ಓದು.

ಯೋಬನ ಕಥೆ ನಿನಗೆ ಗೊತ್ತು. ಮನೆ, ಒಂಟೆ, ಮಕ್ಕಳು ಎಲ್ಲ ಹೋಗಿ ಬೂದಿಯಲ್ಲಿ ಕೂತು ಒಡೆದ ಮಡಕೆಯ ಬೋಕಿಯಿಂದ ಮೈ ಕೆರೆದುಕೊಂಡವನು. ಎಲ್ಲರೂ ಅಲ್ಲಿಯ ತನಕ ಓದಿ ನಿಟ್ಟುಸಿರು ಬಿಟ್ಟು ಪುಸ್ತಕ ಮುಚ್ಚುತ್ತಾರೆ. ನಾನು ಕೊನೆಯ ಪುಟಕ್ಕೆ ಹೋದೆ. ಆಮೇಲೆ ಅವನಿಗೆ ಮತ್ತೆ ಏಳು ಗಂಡು ಮೂರು ಹೆಣ್ಣು ಹುಟ್ಟುತ್ತವೆ. ಗಂಡುಮಕ್ಕಳ ಹೆಸರು ಒಂದೂ ಬರೆದಿಲ್ಲ. ಹೆಣ್ಣುಮಕ್ಕಳದು ಮೂರೂ ಇವೆ. ಯೆಮೀಮ, ಪಾರಿವಾಳ. ಕೆಚೀಯ, ಮಸಾಲೆಯ ಚಕ್ಕೆ. ಕೆರೆನ್‌ಹಪ್ಪೂಕ್, ಕಾಡಿಗೆಯ ಭರಣಿ. ಅಷ್ಟೆಲ್ಲ ಅನುಭವಿಸಿದ ಮನುಷ್ಯ ಸಹನೆ, ಜ್ಞಾನ, ನೀತಿ ಎಂದೆಲ್ಲ ಹೆಸರಿಡಬಹುದಿತ್ತು. ಅದರ ಬದಲು ಒಂದು ಹಕ್ಕಿ, ಒಂದು ಪರಿಮಳ, ಒಂದು ಶೃಂಗಾರದ ಡಬ್ಬಿ. ಮೇಷ್ಟ್ರ ಜಗಲಿಯಲ್ಲಿ ಕೂತು ಇದನ್ನು ಓದಿದವನು ಪುಸ್ತಕವನ್ನು ಎದೆಗೊತ್ತಿಕೊಂಡೆ. ಅವರು ಹೆದರಿ ನೀರು ತಂದುಕೊಟ್ಟರು.

ಕೆಚೀಯ ಇರಲಿ. ಬೇಕರಿಯವನ ಮಗಳಿಗೆ ಚಕ್ಕೆಗಿಂತ ಹೊಂದುವ ಹೆಸರು ಯಾವುದಿದೆ? ನಿನ್ನನ್ನು ನೋಡಲು ಮೊದಲ ಸಲ ಬಂದಾಗ ಅಳಿಯಂದಿರ ಅಂಗಿಯಿಂದ ಅದೇ ವಾಸನೆ ಬರುತ್ತಿತ್ತು. ಅವರು ಹೋದ ಮೇಲೆ ನಿಮ್ಮಮ್ಮ, “ಹುಡುಗ ಮಾತಾಡಲ್ಲ, ಆದ್ರೆ ಘಮ ಅಂತಾನೆ” ಅಂದಿದ್ದಳು.

ನಿನ್ನೆ ಬೆಳಿಗ್ಗೆ ಕೂತು ಒಂದು ಸಣ್ಣ ಕಪ್ಪು ಕಲ್ಲಿನಲ್ಲಿ ಹೆಸರನ್ನೂ ಹುಟ್ಟಿದ ದಿನವನ್ನೂ ಕೆತ್ತಿದೆ. ಒಂದು ಬ್ರೆಡ್ಡಿನಷ್ಟು ದೊಡ್ಡದು, ನಿಮ್ಮ ಬಾಗಿಲ ಪಕ್ಕ ಕೂರಿಸಬಹುದು. ಊಟದ ಹೊತ್ತಿಗೆ ಮುಗಿದೇಹೋಯಿತು. ಕೈ ತಾನಾಗಿ ನಡೆಯಿತು ಮಗಳೇ, ನಾನು ಸುಮ್ಮನೆ ಅದರ ಹಿಂದೆ ಹೋದೆ. ಎರಡು ವರ್ಷದಿಂದ ಹೀಗೆ ನಡೆದಿರಲಿಲ್ಲ. ಗೋಣಿ ಸುತ್ತಿ ಬಸ್ ಡ್ರೈವರನ ಕೈಗೆ ಕೊಟ್ಟಿದ್ದೇನೆ, ಬೇಕರಿಯ ಮುಂದೆ ಇಳಿಸುತ್ತಾನೆ.

ಷರತ್ತಿಗೆ ವಿರುದ್ಧ ಎಂದು ಸಿಟ್ಟಾಗಬೇಡ. ಕಲ್ಲು ನೋಡಿದ ಮೇಲೆ ಸಿಟ್ಟಾಗಲಾರೆ ಎಂಬ ನಂಬಿಕೆ ನನ್ನದು.

ಕೆಚೀಯಳ ತಾತ
(ಹೇಗಿದೆ, ಬರೆದು ನೋಡಿದೆ)


ಏಪ್ರಿಲ್ ೧೯

ಬೀಗರಿಗೆ ನಮಸ್ಕಾರ.

ಸೊಸೆ ಬರೆಯಬೇಡಿ ಅಂದಳು. ಮಗ ಬರೆಯಬೇಡಮ್ಮ ಅಂದ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ನೀವು ಕಳಿಸಿದ ಕಲ್ಲು ಗುರುವಾರ ಬಂತು. ಮಗುವನ್ನು ನೋಡಲು ಬೀದಿಯ ಹೆಂಗಸರು ಆರು ಜನ ಬಂದು ಕೂತಿದ್ದರು. ತಾತ ಏನೋ ಕಳಿಸಿದ್ದಾರೆ, ಎಲ್ಲರೂ ನೋಡಿ ಅಂತ ನಾನೇ ಅವರ ಮುಂದೆ ಗೋಣಿ ಬಿಚ್ಚಿದೆ. ಆ ಬುದ್ಧಿ ನನಗೆ ಯಾಕೆ ಬಂತೋ.

ಕಪ್ಪು ಕಲ್ಲು. ಮೇಲೆ ಮಗುವಿನ ಹೆಸರು. ಕೆಳಗೆ ಹುಟ್ಟಿದ ದಿನ, ತಿಂಗಳು, ವರ್ಷ. ಸರಿ. ಅದರ ಮುಂದೆ ಒಂದು ಗೆರೆ. ಗೆರೆಯ ಮುಂದೆ ಖಾಲಿ ಜಾಗ.

ಬೀಗರೇ, ಆ ಖಾಲಿ ಜಾಗ ಯಾವುದಕ್ಕೆ ಅಂತ ನಾನು ಕೇಳಬಹುದೇ? ಅದನ್ನು ಪಾಲಿಶ್ ಬೇರೆ ಮಾಡಿದ್ದೀರಿ.

ಹೆಂಗಸರು ಬಗ್ಗಿ ಬಗ್ಗಿ ನೋಡಿದರು. ಆಮೇಲೆ ಹಾಲಿನ ಅಂಗಡಿಯವಳು, “ಅವರ ಕಡೆ ಮೊದಲೇ ಬುಕ್ ಮಾಡ್ತಾರೇನೋ” ಅಂದಳು. ಸಾವಿರಾರು ಮಕ್ಕಳ ಕೈಗೆ ಪಟ್ಟಿ ಕಟ್ಟಿದವಳು ನಾನು. ಯಾವ ತಾತನೂ ಮೊಮ್ಮಗಳಿಗೆ ಹದಿನೈದು ದಿನದಲ್ಲಿ ಸಮಾಧಿ ಕಲ್ಲು ಕಳಿಸಿದ್ದನ್ನು ನೋಡಿಲ್ಲ. ಅದನ್ನು ಮೈದಾ ಚೀಲದಲ್ಲಿ ಹಾಕಿ ಬೇಕರಿಯ ಹಿಂದೆ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ದೇನೆ.

ಹೆಸರು ಮಾತ್ರ ಚೆನ್ನಾಗಿದೆ. ಅದನ್ನೂ ಹೇಳದೆ ಇರಬಾರದು ಅಂತ ಹೇಳಿದೆ.

ನಿಮ್ಮ ಆರೋಗ್ಯ ಹೇಗಿದೆ? ಗಂಭೀರವಾಗಿಯೇ ಕೇಳುತ್ತಿದ್ದೇನೆ.

ಇಂತಿ,
ಬೀಗಿತ್ತಿ


ಏಪ್ರಿಲ್ ೨೩

ಮಗಳೇ,

ನಿನ್ನ ಅತ್ತೆಯವರ ಕಾಗದವನ್ನು ನಿಂತುಕೊಂಡು ಓದಲು ಶುರುಮಾಡಿದವನು ಕೂತುಕೊಂಡು ಮುಗಿಸಿದೆ. ಆಮೇಲೆ ನನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದೆ, ಬೇರೆ ಯಾರದೋ ಕೈ ನೋಡಿದ ಹಾಗೆ.

ನಾನು ಗೆರೆ ಹಾಕಿದ್ದು ನನಗೆ ಗೊತ್ತೇ ಇಲ್ಲ. ನಲವತ್ತು ವರ್ಷ ಹೆಸರು, ತಾರೀಖು, ಗೆರೆ, ತಾರೀಖು. ಹುಟ್ಟಿದ ದಿನ ಕೆತ್ತಿ ಮುಗಿಸಿದ ಕೈ ಗಾಡಿಗೆ ಕಟ್ಟಿದ ಎತ್ತಿನ ಹಾಗೆ ದಾರಿ ಕೇಳದೆ ಮುಂದೆ ಹೋಗಿಬಿಟ್ಟಿದೆ. ಮುಂದಿನ ಜಾಗ ಬಿಟ್ಟು, ಉಜ್ಜಿ, ನುಣುಪು ಮಾಡಿ, ಎದ್ದು ಕೈ ತೊಳೆದುಕೊಂಡು ಬಂದು ಊಟ ಮಾಡಿದ್ದೇನೆ. ನಿಮ್ಮಮ್ಮ ಇದ್ದಿದ್ದರೆ ಸೀಮೆಸುಣ್ಣದಲ್ಲಿದ್ದಾಗಲೇ ಓದಿ ತಡೆಯುತ್ತಿದ್ದಳು. “ರೀ, ಇದು ಮಗು” ಅಂದಿದ್ದರೆ ಸಾಕಿತ್ತು. ಓದುವವರಿಲ್ಲದ ಮನೆಯಲ್ಲಿ ಕೆತ್ತಬಾರದು.

ಇಷ್ಟಾದ ಮೇಲೆ ಒಂದು ವಿಷಯ ಮುಚ್ಚಿಟ್ಟು ಪ್ರಯೋಜನವಿಲ್ಲ. ಶೆಡ್ಡಿನ ಹಿಂದೆ ತಾಡಪಾಲು ಮುಚ್ಚಿ ಮೂರು ಕಲ್ಲು ಇಟ್ಟಿದ್ದೇನೆ. ಬಿಳಿ ಎಳೆ ಇರುವುದು ಒಂದು. ಮಿಕ್ಕ ಎರಡರಲ್ಲಿ ಯಾವ ದೋಷವೂ ಇಲ್ಲ. ಮೂರರ ಮೇಲೂ ನಿಮ್ಮಮ್ಮನ ಹೆಸರು ಇದೆ, ಹುಟ್ಟಿದ ದಿನ ಇದೆ. ಅಷ್ಟೇ ಇದೆ. ಪ್ರತಿ ಸಲ ಅಲ್ಲಿಗೆ ಬಂದು ನಿಲ್ಲುತ್ತೇನೆ. ಉಳಿ ಇಡುತ್ತೇನೆ, ಸುತ್ತಿಗೆ ಎತ್ತುತ್ತೇನೆ, ಇಳಿಯುವುದಿಲ್ಲ. ಒಂದಂಗುಲದ ಅಡ್ಡಗೆರೆ, ಹನ್ನೊಂದು ವರ್ಷದ ಹುಡುಗಿ ಹಾಕುತ್ತಿದ್ದದ್ದು. ಕಲ್ಲು ಸರಿಯಿಲ್ಲವೇನೋ ಎಂದು ಇನ್ನೊಂದು ತರಿಸಿದೆ, ಆಮೇಲೆ ಮತ್ತೊಂದು. ಗೆರೆ ಹಾಕದಿದ್ದರೆ ಅವಳು ಹುಟ್ಟಿದ್ದಾಳೆ, ಅಷ್ಟೇ. ಹಾಕಿದರೆ ಮುಂದಿನದನ್ನೂ ಕೆತ್ತಬೇಕಲ್ಲ.

ಬೇಕಾದವಳಿಗೆ ಎರಡು ವರ್ಷದಿಂದ ಹಾಕಲಾರದ ಗೆರೆಯನ್ನು ಈ ಹಾಳು ಕೈ ಬೇಡದವಳಿಗೆ ಒಂದು ಬೆಳಿಗ್ಗೆಯಲ್ಲಿ ಹಾಕಿ ಕಳಿಸಿದೆ.

ಆ ಕಲ್ಲನ್ನು ಒಡೆದು ಹಾಕಿ. ನಿನ್ನ ಅತ್ತೆಯವರ ಕಾಲಿಗೆ ಬೀಳುತ್ತೇನೆಂದು ಹೇಳು. ಹೆಸರೂ ಬೇಡವೆನಿಸಿದರೆ ಬಿಟ್ಟುಬಿಡಿ, ರಾಣಿಯರು ಬೇಕಾದಷ್ಟು ಇದ್ದಾರೆ.

ಅಪ್ಪ


ಏಪ್ರಿಲ್ ೨೭

ಅಪ್ಪ,

ನಾನು ನಕ್ಕೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಗೋಣಿ ಬಿಚ್ಚಿದ ದಿನ, ಅತ್ತೆಯ ಮುಖ, ಹಾಲಿನವಳ ಮುಖ, ಎಲ್ಲ ನೋಡಿ ಹೊಲಿಗೆ ಹಿಡಿದುಕೊಂಡು ನಕ್ಕೆ. “ಅಯ್ಯೋ, ನಿಂಗೇನಾಯ್ತೇ” ಎಂದು ಅತ್ತೆ ನನ್ನ ಹಣೆ ಮುಟ್ಟಿ ಜ್ವರ ನೋಡಿದರು. ಅಮ್ಮ ಇದ್ದಿದ್ದರೆ ನನಗಿಂತ ಜೋರಾಗಿ ನಗುತ್ತಿದ್ದಳು ಎಂದು ಹೊಳೆದಾಗ ನಗು ನಿಂತಿತು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಿನಗೆ ಮನಸ್ಸಿಲ್ಲ ಎಂದುಕೊಂಡಿದ್ದೆ. ತಾಡಪಾಲಿನ ಕೆಳಗೆ ಮೂರು ಸಲ ಕೆತ್ತಿಟ್ಟಿದ್ದೀಯ ಎಂದು ನನಗೇನು ಗೊತ್ತು. ಹೇಳಬಾರದಿತ್ತೇ. ಫೋನಿನಲ್ಲಿ ಕೇಳದಿರುವುದು ನಿನ್ನ ಕಿವಿ, ಬಾಯಿಗೇನಾಗಿತ್ತು?

ಮೇ ೧೧ಕ್ಕೆ ಬರುತ್ತೇವೆ, ಅಮ್ಮ ಹೋದ ದಿನಕ್ಕೆ. ಮಗುವೂ ಬರುತ್ತದೆ. ಷರತ್ತನ್ನು ನಾನೇ ಮುರಿಯುತ್ತಿದ್ದೇನೆ. ದೋಷವಿಲ್ಲದ ಎರಡರಲ್ಲಿ ಒಂದನ್ನು ಸ್ಮಶಾನಕ್ಕೆ ಸಾಗಿಸಿಟ್ಟಿರು. ನನ್ನ ಸಣ್ಣ ಉಳಿ, ಹಿಡಿಗೆ ನೀಲಿ ಬಟ್ಟೆ ಸುತ್ತಿದ್ದದ್ದು, ಇದ್ದರೆ ಹುಡುಕಿ ಹದ ಹಾಕಿಸು. ನಮ್ಮ ಶೆಡ್ಡಿನಲ್ಲಿ ಗೆರೆ ಯಾವತ್ತೂ ನಿನ್ನ ಕೆಲಸವಾಗಿರಲಿಲ್ಲ.

ಅತ್ತೆಯೂ ಬರುತ್ತಾರಂತೆ. ಕಲ್ಲನ್ನು ಒಡೆಯಲು ಅವರು ಬಿಡುತ್ತಿಲ್ಲ. ಒಳ್ಳೆಯ ಕಲ್ಲು, ತಪ್ಪು ಮಾಡಿದವರು ತಿದ್ದಿಕೊಡಲಿ ಅನ್ನುತ್ತಾರೆ. ಮೈದಾ ಚೀಲದಲ್ಲೇ ಹೊತ್ತು ತರುತ್ತಾರೆ.

ಇವರು ಅವಳನ್ನು ಚಕ್ಕೆ ಎಂದೇ ಕರೆಯುತ್ತಿದ್ದಾರೆ. ಕರೆಯಲು ಸುಲಭವಂತೆ.

ಮಗಳು


ಮೇ ೧೨

ಮಗಳೇ,

ಇಲ್ಲ, ಸೊಟ್ಟಗಿಲ್ಲ. ಬಸ್ಸು ಹೊರಡುವಾಗ ಕಿಟಕಿಯಿಂದ ನೀನು ಕೇಳಿದ್ದು ಅದೇ ತಾನೇ? ಮಗು ಅಳುತ್ತಿತ್ತು, ನಿನ್ನ ಅತ್ತೆಯವರು ಡ್ರೈವರನಿಗೆ ನಿಧಾನ ಹೋಗಲು ಉಪದೇಶ ಮಾಡುತ್ತಿದ್ದರು, ನನಗೆ ‘ಗೆರೆ’ ಎಂಬುದಷ್ಟೇ ಕೇಳಿಸಿತು. ನಾನು ಕೈ ಆಡಿಸಿದೆ. ಅದನ್ನು ನೀನು ಹೇಗೆ ತಿಳಿದುಕೊಂಡೆಯೋ ಎಂದು ಇವತ್ತು ಸಂಜೆ ಮತ್ತೆ ಇಲ್ಲಿಗೇ ಬಂದು, ಅವಳ ಪಕ್ಕದ ಕಟ್ಟೆಯ ಮೇಲೆ ಕೂತು, ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಸೊಟ್ಟಗಿಲ್ಲ ಅಂದದ್ದು ಪೂರ್ತಿ ನಿಜವಲ್ಲ. ಕೊನೆಯಲ್ಲಿ ಒಂದು ಕೂದಲೆಳೆಯಷ್ಟು ಕೆಳಕ್ಕೆ ಇಳಿದಿದೆ. ಹನ್ನೊಂದು ವರ್ಷದಲ್ಲೂ ನೀನು ಹಾಗೇ ಮಾಡುತ್ತಿದ್ದೆ, ಮುಗಿಯಿತು ಅನ್ನುವಾಗ ಉಳಿ ಸಡಿಲ ಬಿಡುತ್ತಿದ್ದೆ. ಬೇರೆಯವರ ಕಲ್ಲಾಗಿದ್ದರೆ ತಿದ್ದುತ್ತಿದ್ದೆ.

ನಿನ್ನೆ ನಿನ್ನ ಅತ್ತೆಯವರು ಕೆತ್ತಿದ್ದನ್ನೂ ಸೀಮೆಸುಣ್ಣದಲ್ಲಿ ಬರೆದದ್ದನ್ನೂ ಓದಿದರಲ್ಲ, ಅದು ಕಿವಿಯಲ್ಲಿ ಇನ್ನೂ ಇದೆ. ಓದುವವರು ಬೇಕು ಎಂದು ನಾನು ಅಂದದ್ದಷ್ಟೇ. ಅವರು ಸೆರಗು ಸಿಕ್ಕಿಸಿಕೊಂಡು ವಾರ್ಡಿನ ಬಾಗಿಲಲ್ಲಿ ನಿಂತು ಕರೆಯುವ ದನಿಯಲ್ಲಿ ಹೆಸರು, ಹುಟ್ಟಿದ ದಿನ, ಆಮೇಲೆ ಹೋದ ದಿನ ಮೂರನ್ನೂ ಕೂಗಿದರು. ಆಚೆ ಸಾಲಿನಲ್ಲಿ ಹೂವಿಡುತ್ತಿದ್ದವರು ತಿರುಗಿ ನೋಡಿದರು. ಮಂದ ಕಿವಿಯವನಿಗೆ ಅದೇ ಸರಿ. ನೀನು ಗೆರೆ ಹಾಕಿ ಉಳಿಯನ್ನು ಕೆಳಗಿಟ್ಟು ನನ್ನ ಕಡೆ ನೋಡಿದೆ. ನನ್ನ ಸುತ್ತಿಗೆ ಇಳಿಯಿತು. ಅಷ್ಟು ಹೊತ್ತು ಠಕಠಕ ಸದ್ದಿನಲ್ಲಿ ನಿದ್ದೆ ಮಾಡುತ್ತಿದ್ದ ಚಕ್ಕೆ, ಕೊನೆಯ ಅಂಕೆ ಮುಗಿದು ಸದ್ದು ನಿಂತಾಗ ಎಚ್ಚರವಾಗಿ ಅತ್ತಳು. ಸದ್ದಿಗೆ ಮಲಗಿ ಮೌನಕ್ಕೆ ಏಳುವವಳು. ಶೆಡ್ಡಿನಲ್ಲಿ ತೊಟ್ಟಿಲು ಕಟ್ಟಿದಾಗ ನೀನೂ ಹಾಗೇ ಇದ್ದೆ.

ಮಗುವಿನ ಕಲ್ಲಿನ ಗೆರೆಯನ್ನು ನಾನು ಚಕ್ಕೆ ಮರದ ಕಡ್ಡಿ ಮಾಡಿದ್ದು ನಿನ್ನ ಅತ್ತೆಯವರಿಗೆ ಹಿಡಿಸಿದಂತಿದೆ. ಖಾಲಿ ಜಾಗದ ತುಂಬ ಎಲೆಯೇ ಬರಲಿ, ಒಂದು ಅಂಕೆಗೂ ಜಾಗ ಉಳಿಯಬಾರದು ಎಂದು ಪಕ್ಕದಲ್ಲಿ ನಿಂತು ಎಣಿಸಿ ಏಳು ಎಲೆ ಮಾಡಿಸಿದರು. ಆಮೇಲೆ, “ಬೀಗರೇ, ನನ್ನ ಹೆಸರಿಗೂ ಏನೋ ಅರ್ಥ ಇರಬೇಕಲ್ಲ, ನೋಡಿ ಹೇಳಿ” ಅಂದರು. ನಾನು ನಿಘಂಟು ತಿರುವಿ ತಿರುವಿ, ಆ ಪುಟ ಹರಿದುಹೋಗಿದೆ ಎಂದೆ. “ರಾಜರು ಬುದ್ಧಿ ಕೇಳಲು ಬರುತ್ತಿದ್ದರು, ಅಷ್ಟು ಗೊತ್ತು” ಎಂದೆ. “ಅದು ಸರಿಯಾಗೇ ಇದೆ” ಅಂದರು. ಮನೆಗೆ ಬಂದು ಆ ಪುಟವನ್ನು ಹರಿದಿಟ್ಟಿದ್ದೇನೆ. ಮುಂದಿನ ಸಲ ಕೈಗೆ ತೆಗೆದುಕೊಂಡು ನೋಡುವ ಪೈಕಿ ಅವರು.

ಕಾವಲುಗಾರ ಈಗ ತಾನೇ ಬಂದು ಗೂಟ ಕಿತ್ತ. “ಇದೇನು ಮಾಡ್ಲಿ ಯಜಮಾನ್ರೇ?” ಅಂದ. ಇಲ್ಲಿ ಕೊಡು ಎಂದು ತೆಗೆದುಕೊಂಡೆ. ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಹುಳ ಹಿಡಿದಿರುವುದು ನಿಜ.

ಕೆತ್ತಿದ ಕಲ್ಲನ್ನು ಹಗಲಿನಲ್ಲಿ ನೋಡಬಾರದು ಎಂದು ನಿನಗೆ ಹೇಳಿಕೊಟ್ಟಿದ್ದೆ, ನೆನಪಿದೆಯೇ? ನೆತ್ತಿಯ ಬಿಸಿಲಿನಲ್ಲಿ ಅಕ್ಷರ ಮಲಗಿಬಿಡುತ್ತದೆ. ಸಂಜೆಯ ಓರೆ ಬೆಳಕು ಬಿದ್ದರೆ ಪ್ರತಿಯೊಂದು ಅಂಚೂ ಎದ್ದು ನಿಲ್ಲುತ್ತದೆ, ತಪ್ಪೂ ಸೇರಿ. ಈಗ ಅದೇ ಬೆಳಕು ಬಂದಿದೆ. ಹೆಸರು ನಿಂತಿದೆ, ಹುಟ್ಟಿದ ದಿನ ನಿಂತಿದೆ, ನಿನ್ನ ಗೆರೆ ಕೊನೆಯಲ್ಲಿ ಸ್ವಲ್ಪ ಬಾಗಿ ನಿಂತಿದೆ, ಅದರ ಮುಂದಿನದೂ

ಬೆಳಕು ಹೋಗುತ್ತಿದೆ, ಮಗಳೇ. ಇನ್ನು ಐದು ನಿಮಿಷ ಇದ್ದರೆ ಹೆಚ್ಚು. ಈ ಕಾಗದ ಮನೆಯಲ್ಲಿ ದೀಪ ಹಚ್ಚಿಯೂ ಬರೆಯಬಹುದು, ಆ ಕಲ್ಲು ಓದುವುದಕ್ಕೆ ದೀಪ ಸಾಲದು. ಎದ್ದು ಹೋಗಿ ಎದುರಿಗೆ ನಿಂತು ಒಂದು ಸಲ ಗಟ್ಟಿಯಾಗಿ ಓದಿ ಬರುತ್ತೇನೆ.

ಅಪ್ಪ